ಸ್ನೇಹಕ್ಕೆಂದು ದೇವಸ್ಥಾನಕ್ಕೆ ಹೋದರೆ ನೆಮ್ಮದಿ ಸಿಗುತ್ತದೆಯೇ?

"ಭಕ್ತಿ ಗಿಕ್ತಿ ಏನಿಲ್ಲ, ನಾಲ್ಕು ಜನ ಸಿಗ್ತಾರೆ ಅಂತ ಹೋಗೋರಿಗೆ ಅದೆಂಥ ನೆಮ್ಮದಿ?"

ಸಿಗುತ್ತದೆ, ಸ್ವಾಮಿ. ಭಕ್ತರನ್ನು ಒಂದು ಕಡೆ, ಸ್ನೇಹಕ್ಕೆ ಬಂದವರನ್ನು ಇನ್ನೊಂದು ಕಡೆ ಕೂರಿಸಿಕೊಂಡೇ ಈ ಪ್ರಶ್ನೆ ಕೇಳುತ್ತೀರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಈ ಪಾಲುಪಟ್ಟಿ ಹಳೆಯದು. 1967ರಲ್ಲಿ ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ರಾಸ್ ಅಮೆರಿಕದಲ್ಲಿ ಚರ್ಚಿಗೆ ಹೋಗುವವರನ್ನು ವಿಚಾರಿಸಿ, ಧರ್ಮವನ್ನು ಬಾಳುವುದು, ಧರ್ಮವನ್ನು ಬಳಸಿಕೊಳ್ಳುವುದು ಎಂಬ ಎರಡು ನಿಲುವುಗಳನ್ನು ಗುರುತಿಸಿದರು. ಎರಡನೆಯದರ ಹೆಸರು ಅಂದೇ ಕೆಟ್ಟಿತು. 1989ರಲ್ಲಿ ಗೋರ್ಸಚ್ ಮತ್ತು ಮ್ಯಾಕ್‌ಫರ್ಸನ್ ಅದನ್ನೇ ಒಡೆದರು: ಸಮಾಧಾನಕ್ಕಾಗಿ ಪ್ರಾರ್ಥಿಸುವುದು ಒಂದು, ಗೆಳೆಯರಿಗಾಗಿ ಹೋಗುವುದು ಇನ್ನೊಂದು. ಅವರ ಪ್ರಶ್ನಾವಳಿಯ 14 ಹೇಳಿಕೆಗಳಲ್ಲಿ ಸ್ನೇಹಕ್ಕೆ ಸಿಕ್ಕಿದ್ದು 3. ಭಕ್ತಿ, ಸಮಾಧಾನ, ಸ್ನೇಹ, ಒಂದೊಂದಕ್ಕೂ ಬೇರೆಯೇ ಅಂಕ. ಒಬ್ಬರೇ ಭಕ್ತಿಯಲ್ಲೂ ಸ್ನೇಹದಲ್ಲೂ ಹೆಚ್ಚು ಪಡೆಯಬಹುದು. ತೊಡಕೂ ಇದೆ. "ಮುಖ್ಯವಾಗಿ ಗೆಳೆಯರಿಗಾಗಿಯೇ ಹೋಗುತ್ತೇನೆ" ಎಂದು ಒಪ್ಪಿಕೊಳ್ಳಲು ಸಂಕೋಚ. ಹಾಗಾಗಿ ಎಲ್ಲರ ಸ್ನೇಹದ ಅಂಕವೂ ಕೆಳಗೇ ಗುಂಪಾದರೆ, ನೆಮ್ಮದಿಯೊಂದಿಗೆ ನಂಟು ಇದ್ದರೂ ಲೆಕ್ಕದಲ್ಲಿ ಕಾಣುವುದಿಲ್ಲ.

ಯಾಕೆ ಹೋಗುತ್ತಾರೆ ಎಂಬುದನ್ನು ಬಿಡಿ, ಅಲ್ಲಿ ಆಪ್ತರು ಎಷ್ಟು ಮಂದಿ ಎಂದು ಕೇಳಿ. ಸಂಶೋಧಕರಾದ ಲಿಮ್ ಮತ್ತು ಪಟ್ನಮ್ ಕೇಳಿದ್ದು ಅದನ್ನೇ. 2006ರಲ್ಲಿ ಮಾತಾಡಿಸಿದ ಅಮೆರಿಕನ್ನರನ್ನು 2007ರಲ್ಲಿ ಮತ್ತೆ ಮಾತಾಡಿಸಿ, 2010ರಲ್ಲಿ ಪ್ರಕಟಿಸಿದರು. ವಾರವಾರ ಹೋಗುವವರಲ್ಲಿ, ಅಲ್ಲೇ 3ರಿಂದ 5 ಆಪ್ತರಿದ್ದವರ ಪೈಕಿ ಶೇ. 33 ಮಂದಿ ಬದುಕಿನಲ್ಲಿ ಅತ್ಯಂತ ತೃಪ್ತರು. ವಾರವಾರ ಹೋಗಿಯೂ ಅಲ್ಲಿ ಆಪ್ತರಿಲ್ಲದವರಲ್ಲಿ ಶೇ. 19, ಎಂದೂ ಹೋಗದವರದೂ ಹೆಚ್ಚುಕಡಿಮೆ ಅಷ್ಟೇ. ಹೊರಗಿನ ಗೆಳೆಯರು ಆ ಜಾಗ ತುಂಬಲಿಲ್ಲ. ಹಾಗೆಂದು ಭಕ್ತಿ ಬೇಡವಾಯಿತೆಂದಲ್ಲ: "ಇದು ನನ್ನ ಧರ್ಮ" ಎಂಬ ಭಾವ ಗಟ್ಟಿಯಿದ್ದವರಿಗೇ ಆ ಸ್ನೇಹ ಹೆಚ್ಚು ಫಲ ಕೊಟ್ಟಿತು.

ಇದನ್ನು ನಮ್ಮ ದೇವಸ್ಥಾನಗಳಿಗೆ ಹಾಗೇ ಹೊಂದಿಸಬೇಡಿ. ಅಲ್ಲಿನ ಚರ್ಚಿಗೆ ಸದಸ್ಯರಿರುತ್ತಾರೆ, ಅದೇ ಮುಖಗಳು ವಾರವಾರ ಸೇರುತ್ತವೆ. ನಮ್ಮಲ್ಲಿ ಸರದಿ, ಮಂಗಳಾರತಿ, ತೀರ್ಥ, ಪ್ರಸಾದ. ಪಕ್ಕದವರು ಯಾರೆಂದೂ ತಿಳಿಯದೆ ಮನೆಗೆ ಬರಬಹುದು. ಆ ಸ್ನೇಹ ಹುಟ್ಟುವುದು ಭಜನಾ ಮಂಡಳಿಯಲ್ಲಿ, ದಾಸೋಹಕ್ಕೆ ತರಕಾರಿ ಹೆಚ್ಚುವಲ್ಲಿ. ಅದೇ ಜಾಗದಲ್ಲಿ ಚಾಡಿ, ಜಾತಿ ವಿಚಾರಣೆ, "ಯಾಕೆ ಬರಲಿಲ್ಲ" ಎಂಬ ದಬಾವಣೆ ಶುರುವಾದರೆ ನೆಮ್ಮದಿ ಹಾಳಾಗುವುದೂ ಅಷ್ಟೇ ಬೇಗ.

ಊರು ಬಿಟ್ಟು ಮಕ್ಕಳ ಮನೆಗೆ ಬಂದ ತಾಯಿಯನ್ನು ಶನಿವಾರ ಕಾರಿನಲ್ಲಿ ದೊಡ್ಡ ದೇವಸ್ಥಾನಕ್ಕೆ ಕರೆದೊಯ್ದರೆ ಸಾಲದು. ಅವರೇ ನಡೆದು ಹೋಗುವಷ್ಟು ಹತ್ತಿರದ, ಹತ್ತಿಪ್ಪತ್ತು ಜನರ ಭಜನೆ ಹುಡುಕಿ. ಎರಡು ಮೂರು ತಿಂಗಳು ತಪ್ಪದೆ ಹೋಗಲಿ. ಹೂ ಕಟ್ಟುವುದೋ ತಾಳ ಹಾಕುವುದೋ, ಅವರಿಗೆಂದೇ ಒಂದು ಕೆಲಸ ಕೊಡಿಸಿ.