ತೈಪೆಯ ಸಾಲುಮನೆಗಳು

ತೈವಾನಿನ ರಾಜಧಾನಿಯಲ್ಲಿರುವ ತೈಪೆ 101 ಗೋಪುರದ ಸಮೀಪದಲ್ಲೇ ಉಳಿದಿರುವ ‘ಸಿಸಿ ನಾನ್‌ತ್ಸುನ್’ ಎಂಬ ಸೈನಿಕ ಕುಟುಂಬಗಳ ಕೇರಿಯ ಚಿತ್ರಗಳನ್ನು ಇಂದು ನೋಡುತ್ತಿದ್ದೆ. ಚೀನಾದ ಅಂತರ್ಯುದ್ಧದಲ್ಲಿ ಸೋಲುತ್ತಿದ್ದ ರಾಷ್ಟ್ರೀಯವಾದಿ ಪಕ್ಷದ ಹಿಂದೆ ಸಮುದ್ರ ದಾಟಿ ಬಂದ 44ನೇ ಶಸ್ತ್ರಾಸ್ತ್ರ ಕಾರ್ಖಾನೆಯ ಕೆಲಸಗಾರರಿಗಾಗಿ 1940ರ ದಶಕದ ಕೊನೆಯಲ್ಲಿ ಕಟ್ಟಿದ ಈ ತಗ್ಗು ಮಾಡಿನ ಮನೆಗಳಲ್ಲಿ, ಇಂದಲ್ಲ ನಾಳೆ ಊರಿಗೆ ಮರಳುತ್ತೇವೆಂದು ನಂಬಿದ್ದವರ ಸಂಸಾರಗಳು ದಶಕಗಳನ್ನೇ ಕಳೆದವು. 1996ರ ಪುನರ್ನಿರ್ಮಾಣ ಕಾಯ್ದೆಯ ಬಳಿಕ ತೈವಾನಿನ ಇಂಥ ನೂರಾರು ಕೇರಿಗಳು ನೆಲಸಮವಾಗಿ, ನಿವಾಸಿಗಳು ಬಹುಮಹಡಿ ಕಟ್ಟಡಗಳಿಗೆ ಹೋದರು. (ಸೋರುವ ಮಾಡಿನ ಕೆಳಗೆ ಬದುಕಿದವರು ಹೊಸ ಮನೆ ಬಯಸಿದ್ದನ್ನು ತಪ್ಪೆನ್ನಲಾಗದು.) ಇಲ್ಲಿ ನಾಲ್ಕು ಸಾಲುಗಳು ಮಾತ್ರ ಉಳಿದು, ಈಗ ವಸ್ತುಪ್ರದರ್ಶನ, ಕಾಫಿ ಅಂಗಡಿ, ವಾರಾಂತ್ಯದ ಸಂತೆಗಳಿಗೆ ಆಸರೆಯಾಗಿವೆ. ಬಾಗಿಲಿಗೆ ಬಣ್ಣ ಬಳಿದಷ್ಟೇ ಶ್ರದ್ಧೆಯಿಂದ, ಚೀನಾದ ಶಾನ್‌ಡಾಂಗ್, ಸಿಚುವಾನ್ ಮೊದಲಾದ ಕಡೆಗಳಿಂದ ಬಂದ ಇಂಥ ಕೇರಿಗಳ ಹಿರಿಯರ ಅಡುಗೆಯನ್ನೂ ಮಾತಿನ ಧಾಟಿಯನ್ನೂ ದಾಖಲಿಸಬೇಕೆಂಬುದು ನನ್ನ ಅಭಿಪ್ರಾಯ.