ತೇರಿಗೆ ಬೆನ್ನು ಮಾಡಿ ಕುಳಿತ ಚಿತ್ರಗಾರ

ಹೋಳಿ ಹುಣ್ಣಿಮೆಯಾದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ರಥೋತ್ಸವ. ಆ ಬೆಳಿಗ್ಗೆ ಯಾದಗಿರಿಯಿಂದ ರೈಲು ಹಿಡಿದಾಗ ನನ್ನ ಜೊತೆಗಿದ್ದವರು ಎಪ್ಪತ್ತು ದಾಟಿದ ಒಬ್ಬ ಚಿತ್ರಗಾರರು. ತೊಡೆಯ ಮೇಲೆ ರಟ್ಟಿನ ಹಲಗೆ, ಹೆಗಲಚೀಲದಲ್ಲಿ ಇದ್ದಿಲ ಕಡ್ಡಿಗಳು ಮತ್ತು ಮಂಡಾಳ ಒಗ್ಗರಣೆಯ ಪೊಟ್ಟಣ. ವಾಡಿಯ ಸಿಮೆಂಟ್ ಧೂಳು, ಶಹಾಬಾದಿನ ಹಾಸುಗಲ್ಲಿನ ರಾಶಿಗಳು ಹಿಂದೆ ಸರಿಯುತ್ತಿದ್ದಂತೆ ಅವರು ತಮ್ಮ ಕಸುಬಿನ ಕಥೆಗೆ ಇಳಿದರು.

ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ನಾಟಕ ಕಂಪನಿಯೊಂದನ್ನು ಸೇರಿ, ಜಾತ್ರೆಯಿಂದ ಜಾತ್ರೆಗೆ ಕ್ಯಾಂಪು ಬದಲಾದಂತೆ ತಾವೂ ಊರೂರು ಸುತ್ತುತ್ತ, ಪುಡಿಬಣ್ಣವನ್ನು ಸರೇಸು ಎಂಬ ಬಿಸಿ ಅಂಟಿನಲ್ಲಿ ಕಲಸಿ ಅರಮನೆ, ಅಡವಿ, ಬೀದಿಯ ಪರದೆಗಳನ್ನು ಬರೆದವರು ಅವರು. ಸರೇಸು ಕಡಿಮೆಯಾದರೆ ಬಣ್ಣ ಉದುರುತ್ತದೆ, ಹೆಚ್ಚಾದರೆ ಪರದೆ ಸುತ್ತುವಾಗ ಬಿರಿಯುತ್ತದೆ. ಆ ಹದ ಕೈಗೆ ಬರಲು ಎರಡು ವರ್ಷ ಹಿಡಿಯಿತಂತೆ. ಆಟ ಶುರುವಾದ ಮೇಲೆ ಅವರಿಗೆ ಕೆಲಸವಿರುತ್ತಿರಲಿಲ್ಲ. ಸೈಡ್ ವಿಂಗಿನ ಸಂದಿಯಿಂದ ಪ್ರೇಕ್ಷಕರ ಮುಖಗಳನ್ನು ನೋಡುತ್ತ, ನಗುವ, ಅಳುವ, ತೂಕಡಿಸುವ ಮಂದಿಯನ್ನು ಹ್ಯಾಂಡ್‌ಬಿಲ್ಲಿನ ಹಿಂಬದಿಯಲ್ಲಿ ಗೀಚಿಕೊಳ್ಳುವ ಚಟ ಹತ್ತಿದ್ದು ಅಲ್ಲಿಯೇ. ಫ್ಲೆಕ್ಸ್ ಬಂದ ಮೇಲೆ ಪರದೆಯೂ ಹೋಯಿತು, ಬೋರ್ಡೂ ಹೋಯಿತು, ಚಟ ಉಳಿಯಿತು.

ಕಲಬುರಗಿಯಲ್ಲಿ ಇಳಿದಾಗ ಎಸ್. ಎಂ. ಪಂಡಿತರ ಮಾತು ಬಾರದೆ ಇರುತ್ತದೆಯೇ? 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನೆಮಾ ಪೋಸ್ಟರುಗಳನ್ನು ಬರೆದು, ಪುರಾಣದ ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆ ಏರಿದ ಕಲಾವಿದರು ಪಂಡಿತರು. ‘ಅವರು ದೇವರಿಗೆ ಮೈ ಕೊಟ್ರು, ನನಗ ಬರೇ ಮಂದಿ ಸಿಕ್ರು’ ಎಂದರು ನನ್ನ ಜೊತೆಗಾರರು. ಅದು ವಿನಯವೋ ಗತ್ತೋ ನನಗೆ ತಿಳಿಯಲಿಲ್ಲ, ಗತ್ತೇ ಇರಬೇಕು.

ಸಂಜೆ ಗುಡಿಯ ಮುಂದಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವರು ಒಂದು ಕಟ್ಟೆ ಹುಡುಕಿ, ತೇರಿಗೆ ಬೆನ್ನು ಮಾಡಿ ಕುಳಿತರು. ನಾನು ಮಾತ್ರ ತೇರಿನ ಕಡೆಗೇ ನಿಂತೆ. ಪೀಠಾಧಿಪತಿಗಳು ಶರಣರ ಪವಿತ್ರ ಪಾತ್ರೆಯಾದ ಪರುಷ ಬಟ್ಟಲನ್ನು ಎತ್ತಿ ತೋರಿಸಿ, ತೇರು ಕದಲಿ, ಉತ್ತತ್ತಿ ಬಾಳೆಹಣ್ಣುಗಳು ಮೇಲೆ ಹಾರತೊಡಗಿದಾಗ ನಾನೂ ಕೈಮುಗಿದೆ. ಆಮೇಲೆ ತಿರುಗಿ ಹಲಗೆಯ ಕಡೆ ನೋಡಿದರೆ ಅಲ್ಲಿ ತೇರಿನ ಒಂದು ಗೆರೆಯೂ ಇರಲಿಲ್ಲ; ಒಂದೇ ದಿಕ್ಕಿಗೆ ಎತ್ತಿದ ಗಲ್ಲಗಳು, ಅಪ್ಪನ ಹೆಗಲೇರಿ ಬಾಯಿ ತೆರೆದ ಹುಡುಗ, ಸೆರಗೊಡ್ಡಿ ನಿಂತ ಮುದುಕಿ. ಅಷ್ಟರಲ್ಲಿ ಒಂದು ಉತ್ತತ್ತಿ ಹಲಗೆಗೆ ಬಡಿದು ಇದ್ದಿಲಿನ ಗೆರೆ ಕದಡಿತು. ಅವರು ಅದನ್ನು ಒರೆಸದೆ, ಆ ಕಲೆಯನ್ನೇ ಮುದುಕಿಯ ಸೆರಗಿನ ಮಡಿಕೆಯಾಗಿ ತಿದ್ದಿ, ಉತ್ತತ್ತಿಯನ್ನು ಬಾಯಿಗೆ ಹಾಕಿಕೊಂಡರು.