ಮರದ ಮಾಡೆಲ್‌ನಲ್ಲಿ ಲಿಗ್ನಿನ್ ಸೊನ್ನೆ ಬಂದರೆ

ಮರದ ಚಯಾಪಚಯಕ್ಕೆ ಫ್ಲಕ್ಸ್ ಬ್ಯಾಲೆನ್ಸ್ ಮಾಡೆಲ್ (ಯಾವ ರಾಸಾಯನಿಕ ಕ್ರಿಯೆಯಲ್ಲಿ ಎಷ್ಟು ವಸ್ತು ಹರಿಯುತ್ತದೆಂದು ಲೆಕ್ಕಹಾಕುವ ಮಾಡೆಲ್) ಕಟ್ಟುವಾಗ, ಪ್ರಯೋಗಗಳಲ್ಲಿ ಹೆಚ್ಚು ಬಳಸುವ ಪುಟ್ಟ ಗಿಡವಾದ ಅರಬಿಡಾಪ್ಸಿಸ್‌ನ ಮಾಡೆಲನ್ನು ಎತ್ತಿಕೊಂಡು, 2006ರಲ್ಲಿ ಪ್ರಕಟವಾದ ಪಾಪ್ಲರ್ ಜೀನೋಮ್‌ಗೆ ಹೊಂದಿಸಿಕೊಳ್ಳುವುದು ಸಲೀಸು ದಾರಿ. ಎಡವುವುದು ಬಯೋಮಾಸ್ ಸಮೀಕರಣದಲ್ಲಿ, ಅಂದರೆ ಒಂದು ಗ್ರಾಂ ಅಂಗಾಂಶ ಕಟ್ಟಲು ಯಾವುದು ಎಷ್ಟು ಬೇಕೆಂಬ ಪಟ್ಟಿಯಲ್ಲಿ. ಎಲೆಗೆ ಬರೆದದ್ದು ಕಟ್ಟಿಗೆಗೆ ಒಗ್ಗುವುದಿಲ್ಲ.

1 ಗ್ರಾಂ ಒಣ ಕಟ್ಟಿಗೆಯಲ್ಲಿ 0.45 ಗ್ರಾಂ ಸೆಲ್ಯುಲೋಸ್ ಎಂದಿಟ್ಟುಕೊಳ್ಳಿ. ಮೋಲ್ ಲೆಕ್ಕಕ್ಕೆ ಅದನ್ನು 162ರಿಂದ ಭಾಗಿಸಬೇಕು, ಗ್ಲೂಕೋಸಿನ ಅಣುತೂಕ 180ರಿಂದಲ್ಲ. ಸರಪಳಿಗೆ ಸೇರುವಾಗ ಪ್ರತಿ ಗ್ಲೂಕೋಸಿಗೂ ಒಂದು ನೀರಿನ ಅಣು ಕಳಚಿಹೋಗುತ್ತದೆ. ಸರಿಯಾದ ಉತ್ತರ 2.78 ಮಿಲಿಮೋಲ್. 180 ಹಾಕಿದರೆ 2.5 ಬಂದು, ಸೆಲ್ಯುಲೋಸಿನ ಹತ್ತನೇ ಒಂದು ಪಾಲು ಸದ್ದಿಲ್ಲದೆ ಕಾಣೆಯಾಗುತ್ತದೆ. ಉತ್ತರ ಹುಡುಕುವ ತಂತ್ರಾಂಶವಾದ ಸಾಲ್ವರ್ ಮಾತ್ರ ‘ಆಪ್ಟಿಮಲ್’ ಎಂದೇ ತೋರಿಸುತ್ತಿರುತ್ತದೆ.

ನಿಜವಾದ ಕಗ್ಗಂಟು ಕಟ್ಟಿಗೆಯನ್ನು ಗಟ್ಟಿಯಾಗಿಸುವ ಲಿಗ್ನಿನ್. ಇಂಥ ಮಾಡೆಲ್‌ಗಳ ಪೈಥಾನ್ ತಂತ್ರಾಂಶವಾದ ಕೋಬ್ರಾಪೈನಲ್ಲಿ, ಲಿಗ್ನಿನ್‌ನ ಒಂದು ಘಟಕವಾದ ಕೋನಿಫೆರಿಲ್ ಆಲ್ಕೋಹಾಲಿಗೆ ಒಂದು ಡಿಮಾಂಡ್ ರಿಯಾಕ್ಷನ್ (ವಸ್ತುವನ್ನು ಹೊರಗೆ ಸೆಳೆಯುವ ಕೃತಕ ದಾರಿ) ಸೇರಿಸಿ, ಅದನ್ನೇ ಗರಿಷ್ಠಗೊಳಿಸಿ. ಸೊನ್ನೆ ಬಂತೇ? ಸಾಲು ಹೀಗಿದೆ: ಫೀನೈಲ್‌ಅಲನಿನ್, ಅದರಿಂದ ಸಿನ್ನಮೇಟ್, ಮುಂದೆ ಕೋನಿಫೆರಿಲ್. ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಸಿನ್ನಮೇಟ್ ಬರುತ್ತದೆ, ಕೋನಿಫೆರಿಲ್ ಬರುವುದಿಲ್ಲ ಎಂದಾದರೆ ಮೀಥೈಲ್ ಕೊಡುವ ಚಕ್ರ ನೋಡಿ. ಮೀಥೈಲ್ ಕೊಟ್ಟ ಮೇಲೆ ಉಳಿಯುವ ಅಡಿನೋಸಿನ್ ಮರುಬಳಕೆಯಾಗದೆ ನಿಂತಿರುವುದುಂಟು. ಫೀನೈಲ್‌ಅಲನಿನ್ ಬಂದು ಸಿನ್ನಮೇಟೇ ಬಾರದಿದ್ದರೆ ಮೊದಲ ಅನುಮಾನ ಅಮೋನಿಯಾದ ಮೇಲೆ. ಆ ಹೆಜ್ಜೆಯಲ್ಲಿ ಸೈಟೋಸಾಲ್‌ಗೆ (ಜೀವಕೋಶದೊಳಗಿನ ದ್ರವಕ್ಕೆ) ಒಂದು ಅಮೋನಿಯಾ ಬೀಳುತ್ತದೆ. ಅದಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಇಡೀ ಸಾಲೇ ನಿಲ್ಲುತ್ತದೆ.

ಪರೀಕ್ಷೆಗೆಂದು ಅಮೋನಿಯಾವನ್ನು ಹೊರಗೆ ಬಿಟ್ಟು ನೋಡಿ. ಲಿಗ್ನಿನ್ ಹರಿದರೆ ಕಾರಣ ಸಿಕ್ಕಿತು. ಆದರೆ ಆ ಬಾಗಿಲನ್ನು ಹಾಗೇ ತೆರೆದಿಡಬೇಡಿ. ಎಷ್ಟೋ ಮಾಡೆಲ್‌ಗಳು ಕೆಡುವುದು ಇಲ್ಲೇ: ಉತ್ತರ ಚೆನ್ನಾಗಿ ಕಾಣುತ್ತದೆ, ಬೇರಿನಿಂದ ನೈಟ್ರೇಟ್ ಮಾತ್ರ ಏರುತ್ತಲೇ ಹೋಗುತ್ತದೆ. 1 ಗ್ರಾಂ ಕಟ್ಟಿಗೆಯಲ್ಲಿ 0.25 ಗ್ರಾಂ ಲಿಗ್ನಿನ್ ಎಂದರೆ, ಒಂದು ಘಟಕಕ್ಕೆ ಸುಮಾರು 190ರ ಅಣುತೂಕದಂತೆ, 1.3 ಮಿಲಿಮೋಲ್. ಘಟಕಕ್ಕೊಂದರಂತೆ ಅಷ್ಟೇ ಸಾರಜನಕ, ಅಂದರೆ ಸುಮಾರು 18 ಮಿಲಿಗ್ರಾಂ. ಕಟ್ಟಿಗೆಯ ತೂಕದಲ್ಲಿ ಶೇ. 1.8! ನಿಜವಾದ ಕಟ್ಟಿಗೆಯಲ್ಲಿ ಸಾರಜನಕ ಶೇ. 1ನ್ನೂ ಮುಟ್ಟುವುದಿಲ್ಲ. ಮರ ಅದನ್ನು ಎಸೆಯುವುದಿಲ್ಲ, ಮತ್ತೆ ಮತ್ತೆ ತಿರುಗಿಸುತ್ತದೆ.

ಹಾಗಾಗಿ ಅಮೋನಿಯಾವನ್ನು ಮತ್ತೆ ಹಿಡಿಯುವ ಎರಡು ಕಿಣ್ವಗಳು, ಸೈಟೋಸಾಲ್‌ನಲ್ಲಿ ಗ್ಲುಟಮಿನ್ ಸಿಂಥೆಟೇಸ್, ಪ್ಲಾಸ್ಟಿಡ್‌ನಲ್ಲಿ (ಸಸ್ಯಕೋಶದ ಒಂದು ಒಳಕೋಣೆ) ಗ್ಲುಟಮೇಟ್ ಸಿಂಥೇಸ್, ಇರಲೇಬೇಕು. ಎರಡರ ನಡುವೆ ಗ್ಲುಟಮಿನ್, ಗ್ಲುಟಮೇಟ್, ಆಕ್ಸೋಗ್ಲುಟರೇಟ್‌ಗಳ ಸಾಗಣೆಯೂ ಬೇಕು. ಆಮದು ಮಾಡಿಕೊಂಡ ಮಾಡೆಲ್‌ಗಳಲ್ಲಿ ತಪ್ಪಿಹೋಗಿರುವುದು ಹೆಚ್ಚಾಗಿ ಈ ಸಾಗಣೆಯೇ. ಒಂದು ಸುತ್ತಿಗೆ ಸಿಂಥೆಟೇಸ್ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಒಂದು ತಿನ್ನುತ್ತದೆ, ಸಿಂಥೇಸ್‌ಗೆ ಎರಡು ಎಲೆಕ್ಟ್ರಾನ್ ಬೇಕು.

ಸಾಗಣೆ ಸೇರಿಸಿದ ಮೇಲೆ ಬೆಳಕು, ಸಕ್ಕರೆ ಎರಡನ್ನೂ ಮುಚ್ಚಿ ಎಟಿಪಿ ವಿಭಜನೆಯನ್ನು ಗರಿಷ್ಠಗೊಳಿಸಿ ನೋಡಿ. ಶಕ್ತಿಯ ಮೂಲವೇ ಇಲ್ಲದೆ ಎಟಿಪಿ ಹುಟ್ಟಬಾರದು. ಸೊನ್ನೆಗಿಂತ ಹೆಚ್ಚು ಬಂದರೆ, ಹೊಸ ಸಾಗಣೆಯಲ್ಲಿ ಪ್ರೋಟಾನ್ ಲೆಕ್ಕ ತಪ್ಪಿದೆಯೇ ಎಂದು ಮೊದಲು ಹುಡುಕಿ.